ದಾವಣಗೆರೆಯಿಂದ ಜೈಸಲ್ಮೇರ್‌ಗೆ: ಮಕ್ಕಳು, ಹಿರಿಯರೊಂದಿಗೆ ಮರುಭೂಮಿಯ ಊರನ್ನು ನೋಡುವ ಬಗೆ

ಜೈಸಲ್ಮೇರ್ ಎಂದರೆ ಮರಳು ದಿಬ್ಬ ಮತ್ತು ಒಂಟೆ ಎಂದಷ್ಟೇ ತಿಳಿದು ಹೊರಡುವ ಕುಟುಂಬಗಳು ದಾವಣಗೆರೆ, ಚಿತ್ರದುರ್ಗದ ಕಡೆ ಬಹಳ ಇವೆ. ಪ್ಯಾಕೇಜ್ ಟೂರಿನವರು ಕೊಡುವ ಪಟ್ಟಿಯೂ ಹಾಗೆಯೇ ಇರುತ್ತದೆ: ಬೆಳಿಗ್ಗೆ ಕೋಟೆಯಲ್ಲಿ ಒಂದೂವರೆ ತಾಸು, ಮಧ್ಯಾಹ್ನ ಒಂದು ಹವೇಲಿ (ಹಳೆಯ ಕಾಲದ ಸಿರಿವಂತರ ದೊಡ್ಡ ಮನೆ), ಸಂಜೆ ದಿಬ್ಬ, ರಾತ್ರಿ ಟೆಂಟ್, ಮರುದಿನ ವಾಪಸ್. ನನ್ನ ಅಭಿಪ್ರಾಯದಲ್ಲಿ ಈ ಲೆಕ್ಕವನ್ನು ತಿರುವಿ ಹಾಕಬೇಕು. ಮರಳಿಗೆ ಒಂದು ಸಂಜೆ ಸಾಕು, ಊರಿಗೆ ಎರಡು ಪೂರ್ತಿ ದಿನ ಬೇಕು. ವರ್ಷಕ್ಕೆ 200 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಜಾಗದಲ್ಲಿ ಎಂಟು ಶತಮಾನಗಳಿಗೂ ಮಿಕ್ಕಿ ಜನ ಹೇಗೆ ನೀರು ಹಿಡಿದಿಟ್ಟುಕೊಂಡರು, ಏನು ಉಂಡರು, ಯಾವ ವ್ಯಾಪಾರದಿಂದ ಅಂಥ ಮನೆಗಳನ್ನು ಕಟ್ಟಿದರು ಎಂಬುದೆಲ್ಲ ಊರೊಳಗೇ ಕಾಣುತ್ತದೆ. ಮಳೆ ನಂಬಿ ಬದುಕುವ ಬಯಲುಸೀಮೆಯ ನಮಗೆ ಅದು ಬೇರೆಯವರಿಗಿಂತ ಬೇಗ ಅರ್ಥವಾಗುತ್ತದೆ.

ಕಾಲ ಮತ್ತು ಪ್ರಯಾಣ

ಹೋಗಬೇಕಾದದ್ದು ನವೆಂಬರ್‌ನಿಂದ ಫೆಬ್ರುವರಿಯೊಳಗೆ. ಆ ತಿಂಗಳುಗಳಲ್ಲಿ ನಮ್ಮ ಶಾಲೆಗಳಿಗೆ ದೊಡ್ಡ ರಜೆ ಇರುವುದಿಲ್ಲ ಎಂಬುದೇ ತೊಡಕು. ಬೇಸಿಗೆ ರಜೆಯಲ್ಲಿ ಹೋಗುವ ಯೋಚನೆಯನ್ನೇ ಬಿಡಬೇಕು, ಏಕೆಂದರೆ ಮೇ ತಿಂಗಳಲ್ಲಿ ಉಷ್ಣಾಂಶ 42 ಡಿಗ್ರಿ ದಾಟುವುದು ಅಲ್ಲಿ ಸಾಮಾನ್ಯ, ಜೊತೆಗೆ ದೂಳಿನ ಗಾಳಿ. ದಸರಾ ರಜೆಯ ದಿನಗಳಲ್ಲೂ ಹಗಲು ಸುಡುತ್ತಲೇ ಇರುತ್ತದೆ. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗಿನ ವಾರದಲ್ಲಿ ಹವೆ ಚೆನ್ನಾಗಿದ್ದರೂ ಕೋಣೆಯ ಬಾಡಿಗೆ ಏರಿರುತ್ತದೆ ಮತ್ತು ಕೋಟೆಯ ಓಣಿಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಆದ್ದರಿಂದ ದೀಪಾವಳಿಯ ನಂತರದ ವಾರಗಳಲ್ಲೋ ಸಂಕ್ರಾಂತಿ ಮುಗಿದ ಮೇಲೋ ಮಕ್ಕಳಿಗೆ ನಾಲ್ಕೈದು ದಿನ ರಜೆ ಕೇಳಿಕೊಂಡು ಹೋಗುವುದೇ ಮೇಲು. ಮಾಘ ಮಾಸದ ಹುಣ್ಣಿಮೆಯ ಆಸುಪಾಸಿನಲ್ಲಿ ಮರು ಮಹೋತ್ಸವ ನಡೆಯುತ್ತದೆ. ಪೇಟ ಕಟ್ಟುವ ಸ್ಪರ್ಧೆ, ಒಂಟೆ ಓಟಗಳೆಲ್ಲ ಇರುತ್ತವೆ. ಅದನ್ನು ನೋಡಬೇಕೆಂದಿದ್ದರೆ ಕೋಣೆಯನ್ನು ಬಹಳ ಮುಂಚೆಯೇ ಕಾಯ್ದಿರಿಸಬೇಕಾಗುತ್ತದೆ.

ಬೆಂಗಳೂರಿನಿಂದ ಹುಬ್ಬಳ್ಳಿ, ಪುಣೆ, ಅಹಮದಾಬಾದ್ ಮಾರ್ಗವಾಗಿ ಜೋಧಪುರಕ್ಕೆ ಹೋಗುವ ಎಕ್ಸ್‌ಪ್ರೆಸ್ ರೈಲು ದಾವಣಗೆರೆಯಲ್ಲಿ ನಿಲ್ಲುತ್ತದೆ. ಅದು ವಾರದ ಎಲ್ಲ ದಿನವೂ ಓಡುವುದಿಲ್ಲವಾದ್ದರಿಂದ ಮೊದಲು ರೈಲಿನ ದಿನ ನೋಡಿಕೊಂಡು ಆಮೇಲೆ ಪ್ರವಾಸದ ದಿನ ಗೊತ್ತುಮಾಡಬೇಕು. ಪ್ರಯಾಣ ಒಂದೂವರೆ ದಿನಕ್ಕೆ ಕಡಿಮೆಯಿಲ್ಲ. ಮುಂಗಡ ಟಿಕೆಟ್ 60 ದಿನ ಮೊದಲೇ ಸಿಗುತ್ತದೆ. ವಿಮಾನದಲ್ಲಿ ಹೋಗುವವರು ಬೆಂಗಳೂರಿಗೆ ಹೋಗಿ ಜೋಧಪುರ ತಲುಪಬಹುದು. ಜೈಸಲ್ಮೇರ್‌ನಲ್ಲೇ ವಿಮಾನ ನಿಲ್ದಾಣವಿದ್ದರೂ ಅಲ್ಲಿನ ಹಾರಾಟ ಬಹುಪಾಲು ಚಳಿಗಾಲಕ್ಕೆ ಸೀಮಿತ. ಜೋಧಪುರದಿಂದ ಜೈಸಲ್ಮೇರ್‌ಗೆ ಸುಮಾರು 280 ಕಿಲೋಮೀಟರ್, ರಸ್ತೆಯಲ್ಲಾದರೆ ಐದು ತಾಸು. ದೀರ್ಘ ರೈಲು ಪ್ರಯಾಣದ ಬೆನ್ನಿಗೇ ಇಷ್ಟು ದೂರ ಮತ್ತೆ ಕೂರಿಸಿದರೆ ಹಿರಿಯರ ಸೊಂಟ ಕೇಳುವುದಿಲ್ಲ. ಒಂದು ರಾತ್ರಿ ಜೋಧಪುರದಲ್ಲಿ ತಂಗಿ, ಬೆಳಿಗ್ಗೆ 1459ರಲ್ಲಿ ರಾವ್ ಜೋಧಾ ಆರಂಭಿಸಿದ ಮೆಹ್ರಾನ್‌ಗಢ ಕೋಟೆಯನ್ನು ನೋಡಿ ಮುಂದೆ ಹೊರಡುವುದು ಒಳ್ಳೆಯದು. ಆ ಕೋಟೆಗೆ ಲಿಫ್ಟ್ ಇದೆ; ಮಂಡಿನೋವಿನವರಿಗೆ ಈ ಮಾಹಿತಿ ಬಹಳ ಮುಖ್ಯ.

ಬಟ್ಟೆಯ ವಿಷಯದಲ್ಲಿ ನಮ್ಮವರು ಸಾಮಾನ್ಯವಾಗಿ ಎಡವುತ್ತಾರೆ. ಮರುಭೂಮಿ ಎಂದು ತೆಳು ಹತ್ತಿಯ ಬಟ್ಟೆ ಮಾತ್ರ ತುಂಬಿಕೊಂಡರೆ ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ನಡುಗಬೇಕಾಗುತ್ತದೆ. ಹಗಲು 25 ಡಿಗ್ರಿಯಿದ್ದ ಜಾಗ ಬೆಳಗಿನ ಜಾವಕ್ಕೆ 8ಕ್ಕಿಂತ ಕೆಳಗಿಳಿಯುತ್ತದೆ. ಮರಳು ಬೇಗ ಕಾಯುತ್ತದೆ, ಅಷ್ಟೇ ಬೇಗ ಆರುತ್ತದೆ. ಗಾಳಿಯಲ್ಲಿ ತೇವವಿಲ್ಲದ ಕಾರಣ ಬಿಸಿಯನ್ನು ಹಿಡಿದಿಡಲು ಏನೂ ಇರುವುದಿಲ್ಲ. ದಪ್ಪ ಸ್ವೆಟರ್, ಕಿವಿ ಮುಚ್ಚುವ ಟೋಪಿ, ಎರಡು ಜೊತೆ ಕಾಲುಚೀಲ ಪ್ರತಿಯೊಬ್ಬರಿಗೂ ಇರಲಿ. ತುಟಿ, ಹಿಮ್ಮಡಿ ಒಡೆಯುತ್ತವೆ, ಕೆಲವು ಮಕ್ಕಳಿಗೆ ಮೂಗಿನಲ್ಲಿ ರಕ್ತ ಬರುವುದೂ ಉಂಟು, ವ್ಯಾಸಲಿನ್ ಒಯ್ಯಿರಿ. ಕೊಬ್ಬರಿ ಎಣ್ಣೆ ಒಯ್ದರೆ ಆ ಚಳಿಗೆ ಬಾಟಲಿಯಲ್ಲೇ ಗಟ್ಟಿಯಾಗಿ ಕುಳಿತಿರುತ್ತದೆ. ಬಾಯಾರಿಕೆಯಾಗದಿದ್ದರೂ ಮಕ್ಕಳಿಗೆ ಗಂಟೆಗೊಮ್ಮೆ ನೀರು ಕುಡಿಸಬೇಕು, ಏಕೆಂದರೆ ಒಣ ಗಾಳಿಯಲ್ಲಿ ಬೆವರು ಕಾಣಿಸುವ ಮೊದಲೇ ಆರಿಹೋಗುತ್ತದೆ.

ಉಳಿಯುವುದು ಕೋಟೆಯ ಕೆಳಗೆ

ಜೈಸಲ್ಮೇರ್ ಕೋಟೆಯೊಳಗೇ ವಸತಿಗೃಹಗಳಿವೆ, ಬುರುಜಿನ ಕಿಟಕಿಯಿಂದ ಊರು ಕಾಣುತ್ತದೆ ಎಂಬ ಆಕರ್ಷಣೆಯೂ ಇದೆ. ಆದರೂ ಅಲ್ಲಿ ಉಳಿಯಬೇಡಿ ಎಂದೇ ಹೇಳುತ್ತೇನೆ. ಭಾಟಿ ರಜಪೂತ ದೊರೆ ರಾವಲ್ ಜೈಸಲ್ 1156ರಲ್ಲಿ ಕಟ್ಟಿಸಿದ ಈ ಕೋಟೆ ತ್ರಿಕೂಟ ಬೆಟ್ಟದ ಮೇಲಿದೆ. ಆ ಬೆಟ್ಟ ನಮ್ಮ ಚಿತ್ರದುರ್ಗದಂತೆ ಗಟ್ಟಿ ಕರಿಬಂಡೆಯದಲ್ಲ. ಮೆತ್ತನೆಯ ಮರಳುಗಲ್ಲು ಮತ್ತು ಜೇಡಿಯ ಪದರಗಳದು. ಕೊಡದಲ್ಲಿ ನೀರು ಹೊತ್ತು ತರುತ್ತಿದ್ದ ಕಾಲಕ್ಕೆ ತಕ್ಕ ಚರಂಡಿಯ ಮೇಲೆ ನಲ್ಲಿ ನೀರು ಮತ್ತು ಪ್ರವಾಸಿಗರ ಸ್ನಾನದ ನೀರಿನ ಭಾರ ಬಿದ್ದಾಗ ಅದು ನೆಲಕ್ಕಿಂಗಿ ಅಡಿಪಾಯ ಸಡಿಲಗೊಂಡಿತು, ಹಲವು ಬುರುಜುಗಳು ಕುಸಿದವು, ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಈ ಕೋಟೆಯನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿಸಿತು. ಕೋಟೆಯ ಹೊರಗೆ, ಗಡೀಸರ್ ಕೆರೆಯ ದಿಕ್ಕಿನಲ್ಲಿ ಅಥವಾ ಪಶ್ಚಿಮದ ಪೇಟೆಯ ಕಡೆ, ಮೇಲ್ಛಾವಣಿಯಿಂದ ಕೋಟೆ ಕಾಣುವ ಹೋಟೆಲುಗಳು ಬೇಕಾದಷ್ಟಿವೆ. ನೋಟವೂ ಅಲ್ಲಿಂದಲೇ ಚಂದ, ಸಾಮಾನು ಹೊತ್ತು ಏರು ಹತ್ತುವ ಕೆಲಸವೂ ತಪ್ಪುತ್ತದೆ. ಬಿಸಿನೀರು ಎಷ್ಟು ಹೊತ್ತು ಬರುತ್ತದೆ, ಹೆಚ್ಚಿನ ರಜಾಯಿ ಕೊಡುತ್ತಾರೆಯೇ ಎಂದು ಕೇಳಿಯೇ ಕೋಣೆ ಹಿಡಿಯಿರಿ. ಕೋಣೆಯ ಬಾಡಿಗೆ ನಂಬಲಾಗದಷ್ಟು ಅಗ್ಗವಾಗಿ ಕಂಡರೆ, ಒಂಟೆ ಸಫಾರಿಯನ್ನು ಅವರಲ್ಲೇ ಕೊಳ್ಳಬೇಕೆಂಬ ಒತ್ತಾಯ ಅದರ ಹಿಂದಿರಬಹುದು. ಸಫಾರಿ ಬೇಡವೆಂದರೂ ಇದೇ ದರವೇ ಎಂದು ಮೊದಲೇ ಕೇಳಿಬಿಡಬೇಕು.

ಊರಿನ ಎರಡು ದಿನ

ಜೈಸಲ್ಮೇರ್ ಬಹಳ ಪಶ್ಚಿಮಕ್ಕಿರುವುದರಿಂದ ಚಳಿಗಾಲದಲ್ಲಿ ಅಲ್ಲಿ ಸೂರ್ಯ ಹುಟ್ಟುವುದು ಏಳು ಗಂಟೆ ದಾಟಿದ ಮೇಲೆ. ಐದಕ್ಕೇ ಎದ್ದು ಎಲ್ಲರನ್ನೂ ಎಬ್ಬಿಸುವ ಅಭ್ಯಾಸದ ಅಜ್ಜ, ಅಜ್ಜಿಯರಿಗೆ ಇದನ್ನು ಮೊದಲೇ ತಿಳಿಸಿಡುವುದು ಲೇಸು. ಮೊದಲ ದಿನದ ಬೆಳಕನ್ನು ಗಡೀಸರ್ ಕೆರೆಗೆ ಕೊಡಿ. 14ನೇ ಶತಮಾನದಲ್ಲಿ ರಾವಲ್ ಗಡ್ಸಿಯ ಕಾಲದಲ್ಲಿ ಪುನರ್ನಿರ್ಮಾಣಗೊಂಡ ಈ ಕೆರೆ ಮಳೆ ನೀರನ್ನೇ ನೆಚ್ಚಿಕೊಂಡು ಬಹುಕಾಲ ಊರಿಗೆಲ್ಲ ಕುಡಿಯುವ ನೀರು ಕೊಟ್ಟಿತು. ಈಗ ಊರಿನ ನೀರು ಇಂದಿರಾ ಗಾಂಧಿ ಕಾಲುವೆಯಿಂದ ಬರುತ್ತದೆ. ಸೂಳೆಕೆರೆಯ ವಿಸ್ತಾರ ನೋಡಿದ ಕಣ್ಣಿಗೆ ಇದು ಹೊಂಡದಷ್ಟೇ ಅನಿಸಬಹುದು. ಅದಕ್ಕೇ ಮಕ್ಕಳಿಗೆ ಅದರ ಹಿಂದಿನ ಬಯಲನ್ನು ತೋರಿಸಿ, ಹನಿ ಮಳೆ ಬಿದ್ದರೂ ಅದು ಹರಿದು ಇಲ್ಲಿಗೇ ಬರುವಂತೆ ಹೇಗೆ ಇಳಿಜಾರು ಕಾಯ್ದುಕೊಂಡಿದ್ದಾರೆ ಎಂದು ಹೇಳಬೇಕು. ಚಿತ್ರದುರ್ಗದ ಕೋಟೆಯಲ್ಲಿ ಗೋಪಾಲಸ್ವಾಮಿ ಹೊಂಡದ ನೀರು ಅಕ್ಕತಂಗಿ ಹೊಂಡಕ್ಕೆ ಇಳಿಯುವುದನ್ನು ನೋಡಿದ ಮಗುವಿಗೆ ಇದು ಥಟ್ಟನೆ ಹೊಳೆಯುತ್ತದೆ. ಪೆಡಲ್ ದೋಣಿಗಳಿವೆ, ದಡದಲ್ಲಿ ಮೀನುಗಳಿಗೆ ತಿನಿಸು ಹಾಕಬಹುದು, ಚಳಿಗಾಲದಲ್ಲಿ ವಲಸೆ ಹಕ್ಕಿಗಳೂ ಇರುತ್ತವೆ.

ಅಲ್ಲಿಂದ ಒಂಬತ್ತರ ಹೊತ್ತಿಗೆ ಕೋಟೆ. ಆಟೋ ಕೆಳಗಿನ ಚೌಕದವರೆಗೆ ಬರುತ್ತದೆ. ಆಮೇಲೆ ಅಖೈ ಪೋಲ್, ಸೂರಜ್ ಪೋಲ್, ಗಣೇಶ್ ಪೋಲ್, ಹವಾ ಪೋಲ್ ಎಂಬ ನಾಲ್ಕು ಬಾಗಿಲುಗಳನ್ನು ದಾಟುತ್ತ ಕಲ್ಲುಹಾಸಿನ ಏರುದಾರಿಯಲ್ಲಿ ನಡೆಯಬೇಕು. ಕಲ್ಲು ಸವೆದು ನುಣುಪಾಗಿದೆ, ಹಿರಿಯರಿಗೆ ರಬ್ಬರ್ ಅಟ್ಟೆಯ ಬೂಟು ಬೇಕೇ ಬೇಕು. ಮಗುವಿನ ತಳ್ಳುಗಾಡಿ ಇಲ್ಲಿ ಉಪಯೋಗಕ್ಕೆ ಬಾರದು. 99 ಬುರುಜುಗಳ ಈ ಕೋಟೆ 2013ರಲ್ಲಿ ರಾಜಸ್ಥಾನದ ಇನ್ನೂ ಐದು ಗಿರಿದುರ್ಗಗಳೊಂದಿಗೆ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಏಳು ಸುತ್ತಿನ ಕೋಟೆಯನ್ನು ಹತ್ತಿ ಇಳಿದು ಬೆಳೆದ ನಮ್ಮ ಮಕ್ಕಳು ಇಲ್ಲಿ ಬೆರಗಾಗುವುದು ಗೋಡೆಗಳಿಗಲ್ಲ. ಕೋಟೆಯೊಳಗೆ ಇನ್ನೂ ಸಾವಿರಾರು ಜನ ಸಂಸಾರ ಹೂಡಿದ್ದಾರೆ. ಬುರುಜಿನ ಮೇಲೆ ಬಟ್ಟೆ ಒಣಗುತ್ತದೆ, ಓಣಿಯಲ್ಲಿ ಹಸು ಅಡ್ಡ ನಿಂತಿರುತ್ತದೆ, ಮನೆಯ ಹೊರಗೋಡೆಯ ಮೇಲೆ ಗಣೇಶನ ಚಿತ್ರದೊಂದಿಗೆ ಮದುವೆಯ ಆಮಂತ್ರಣವನ್ನೇ ಬಣ್ಣದಲ್ಲಿ ಬರೆದಿರುತ್ತಾರೆ. ಮದುವೆಯಾದವರ ಹೆಸರು, ದಿನಾಂಕ ಎಲ್ಲ ಅದರಲ್ಲಿರುತ್ತದೆ. ಓದುತ್ತ ಹೋದರೆ ಒಂದು ಓಣಿ ದಾಟಲು ಅರ್ಧ ತಾಸು ಹಿಡಿಯುತ್ತದೆ, ಹಿಡಿಯಲಿ.

ಒಳಗೆ ಹೋದ ತಕ್ಷಣ ಅರಮನೆಗೆ ನುಗ್ಗದೆ ಮೊದಲು ಜೈನ ಬಸದಿಗಳಿಗೆ ಹೋಗಬೇಕು, ಏಕೆಂದರೆ ಮಧ್ಯಾಹ್ನದ ಹೊತ್ತಿಗೆ ಪ್ರವಾಸಿಗರಿಗೆ ಬಾಗಿಲು ಮುಚ್ಚುವುದು ರೂಢಿ. ಪಾರ್ಶ್ವನಾಥ, ಸಂಭವನಾಥ, ಋಷಭದೇವ ಮೊದಲಾದ ತೀರ್ಥಂಕರರ ಬಸದಿಗಳು ಒಂದಕ್ಕೊಂದು ಹೊಂದಿಕೊಂಡಿವೆ. ಚರ್ಮದ ಬೆಲ್ಟ್, ಪರ್ಸ್ ಒಳಗೆ ಬಿಡುವುದಿಲ್ಲ. ಕೋಣೆಯಲ್ಲೇ ಬಿಟ್ಟುಬಂದರೆ ಬಾಗಿಲಲ್ಲಿ ಪೇಚಾಡಬೇಕಾಗಿಲ್ಲ. ಸಂಭವನಾಥ ಬಸದಿಯ ನೆಲಮಾಳಿಗೆಯಲ್ಲಿರುವ ಜ್ಞಾನಭಂಡಾರವು ಹಳೆಯ ತಾಳೆಗರಿ ಗ್ರಂಥಗಳಿಗೆ ಹೆಸರಾಗಿದೆ. ಒಣ ಹವೆ ಗರಿಗಳನ್ನು ಕಾಪಾಡಿತು, ದೂರದ ಮರುಭೂಮಿ ಎಂಬ ಕಾರಣಕ್ಕೆ ದಾಳಿಗಳ ಕಾಲದಲ್ಲಿ ಗ್ರಂಥಗಳು ಇಲ್ಲಿಗೆ ಬಂದು ಸೇರಿದವು.

ಎರಡನೆಯ ದಿನ ಹವೇಲಿಗಳು. ಇವು ರಾಜರ ಕಟ್ಟಡಗಳಲ್ಲ, ವರ್ತಕರ ಮತ್ತು ದಿವಾನರ ಮನೆಗಳು. ಒಂಟೆಗಳ ಸಾರ್ಥ ಸಿಂಧ್ ಕಡೆಗೆ ಸಾಗುತ್ತಿದ್ದ ಕಾಲದಲ್ಲಿ ಬಂದ ಹಣ ಇಲ್ಲಿ ಕಲ್ಲಾಗಿದೆ. ಮುಂಬೈ ಬಂದರು ಬೆಳೆದ ಮೇಲೆ ಆ ವ್ಯಾಪಾರ ಸೊರಗಿತು, ದೇಶ ವಿಭಜನೆಯಾದ ಮೇಲೆ ದಾರಿಯೇ ಮುಚ್ಚಿತು. ಗುಮಾನ್ ಚಂದ್ ಪಟ್ವಾ 19ನೇ ಶತಮಾನದ ಆರಂಭದಲ್ಲಿ ಮೊದಲುಮಾಡಿದ ಐದು ಮನೆಗಳ ಸಾಲೇ ಪಟ್ವೋಂ ಕಿ ಹವೇಲಿ. ಒಳಗೆ ನೋಡಲು ಇದೊಂದೇ ಸಾಕು. ನಥ್‌ಮಲ್ ಹವೇಲಿಯನ್ನು ಹೊರಗಿನಿಂದ ನೋಡಿದರೂ ನಡೆಯುತ್ತದೆ, ಆದರೆ ಮಕ್ಕಳಿಗೆ ಒಂದು ಕೆಲಸ ಕೊಡಿ: ಹಾಥಿ ಮತ್ತು ಲಾಲು ಎಂಬ ಇಬ್ಬರು ಅಣ್ಣತಮ್ಮಂದಿರು ಒಬ್ಬೊಬ್ಬರು ಒಂದೊಂದು ಪಾರ್ಶ್ವವನ್ನು ಕೆತ್ತಿದರೆಂದು ಹೇಳುತ್ತಾರೆ, ಎಡಬಲಗಳು ಮೊದಲ ನೋಟಕ್ಕೆ ಒಂದೇ ಥರ ಕಾಣುತ್ತವೆ, ಆದರೆ ಒಂದೇ ಅಲ್ಲ. ವ್ಯತ್ಯಾಸ ಹುಡುಕಲು ಬಿಟ್ಟರೆ ದೊಡ್ಡವರು ಚಹಾ ಕುಡಿಯುವಷ್ಟು ಬಿಡುವು ಸಿಗುತ್ತದೆ. ಸಂಜೆ ಗಡೀಸರ್ ಬಳಿಯ ಡೆಸರ್ಟ್ ಕಲ್ಚರ್ ಸೆಂಟರ್‌ನಲ್ಲಿ ಸೂತ್ರದ ಗೊಂಬೆಯಾಟವಿರುತ್ತದೆ.

ಮಧ್ಯಾಹ್ನದ ಹೊತ್ತು ಮಿಕ್ಕಿದರೆ ಬಾಡ್‌ಮೇರ್ ರಸ್ತೆಯಲ್ಲಿ 17 ಕಿಲೋಮೀಟರ್ ದೂರದ ಆಕಲ್ ಪಳೆಯುಳಿಕೆ ಉದ್ಯಾನಕ್ಕೆ ಹೋಗಬಹುದು. ಸುಮಾರು 18 ಕೋಟಿ ವರ್ಷ ಹಿಂದಿನ ಮರಗಳ ಕಾಂಡಗಳು ಕಲ್ಲಾಗಿ ಅಲ್ಲಿ ಬಿದ್ದಿವೆ. ಬಹಳ ಪ್ರವಾಸಿಗರು ಇದನ್ನು ಬಿಟ್ಟುಬಿಡುತ್ತಾರೆ, ನೋಡಲು ಏನಿಲ್ಲ ಎನ್ನುವವರೂ ಇದ್ದಾರೆ. ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯ ದಿಂಬಿನಾಕಾರದ ಲಾವಾ ಶಿಲೆಯೂ ಇದರಂತೆಯೇ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ, ಅದರ ವಯಸ್ಸು ಸುಮಾರು 250 ಕೋಟಿ ವರ್ಷ. ಹೊರಡುವ ಮೊದಲು ಒಂದು ಭಾನುವಾರ ಮರಡಿಹಳ್ಳಿಗೆ ಹೋಗಿಬಂದ ಮಕ್ಕಳು ಆಕಲ್‌ನಲ್ಲಿ ಬೇಸರಪಡುವುದಿಲ್ಲ.

ಊಟ

ಸಸ್ಯಾಹಾರಿ ಕುಟುಂಬಗಳಿಗೆ ಇಲ್ಲಿ ಚಿಂತೆಯಿಲ್ಲ. ಈರುಳ್ಳಿ, ಬೆಳ್ಳುಳ್ಳಿ ಇಲ್ಲದ ಊಟವೂ ಕೇಳಿದರೆ ಸಿಗುತ್ತದೆ. ಮರುಭೂಮಿಯ ಅಡುಗೆಯಲ್ಲಿ ಹಸಿ ತರಕಾರಿ ಕಡಿಮೆ, ನೀರೂ ಕಡಿಮೆ. ಆ ಜಾಗವನ್ನು ಹಾಲು, ಮಜ್ಜಿಗೆ, ತುಪ್ಪ, ಕಡಲೆಹಿಟ್ಟು ಮತ್ತು ಒಣಗಿಸಿಟ್ಟ ಕಾಯಿಗಳು ತುಂಬಿವೆ. ಮೊದಲು ಕೇಳಬೇಕಾದದ್ದು ಕೇರ್ ಸಾಂಗ್ರಿ. ವಿಜಯದಶಮಿಯಂದು ನಾವು ಎಲೆ ಹಂಚಿಕೊಳ್ಳುವ ಬನ್ನಿ ಮರವೇ ಅಲ್ಲಿನ ಖೇಜ್ರಿ. ಅದರ ಎಳೆಯ ಕಾಯಿಯನ್ನು ಒಣಗಿಸಿದರೆ ಸಾಂಗ್ರಿ. ಕೇರ್ ಎಂಬುದು ಮುಳ್ಳುಗಿಡವೊಂದರ ಸಣ್ಣ ಹುಳಿಕಾಯಿ. ಎರಡನ್ನೂ ಒಣ ಮೆಣಸಿನಕಾಯಿ, ಆಮ್‌ಚೂರ್ ಹಾಕಿ ಎಣ್ಣೆಯಲ್ಲಿ ಬಾಡಿಸುತ್ತಾರೆ. ಜೋಧಪುರದ ಬಳಿಯ ಖೇಜಡ್ಲಿ ಗ್ರಾಮದಲ್ಲಿ 1730ರಲ್ಲಿ ಈ ಮರಗಳನ್ನು ಕಡಿಯಬಾರದೆಂದು ಅಮೃತಾ ದೇವಿಯ ಹಿಂದೆ 363 ಬಿಷ್ಣೋಯಿಗಳು ಪ್ರಾಣ ಕೊಟ್ಟರು. ತಟ್ಟೆಯ ಮುಂದೆ ಕುಳಿತಾಗ ಮಕ್ಕಳಿಗೆ ಆ ಕಥೆ ಹೇಳಿದರೆ ಪಲ್ಯ ತಿನ್ನಲು ತಕರಾರು ಮಾಡುವುದಿಲ್ಲ.

ಕೇರ್ ಸಾಂಗ್ರಿಗೆ ಸಜ್ಜೆ ರೊಟ್ಟಿಯೇ ಜೊತೆ. ಅಲ್ಲಿ ಅದನ್ನು ದಪ್ಪಗೆ ತಟ್ಟಿ, ಬೇಯಿಸಿದ ಮೇಲೆ ತುಪ್ಪ ಸುರಿದು ಕೊಡುತ್ತಾರೆ. ನಮ್ಮ ತೆಳುವಾದ ಖಡಕ್ ರೊಟ್ಟಿಯ ಅಭ್ಯಾಸದವರಿಗೆ ಒಂದೂವರೆ ರೊಟ್ಟಿಗೇ ಹೊಟ್ಟೆ ತುಂಬುತ್ತದೆ. ಬೇಳೆ, ಸುಟ್ಟ ಗೋಧಿಹಿಟ್ಟಿನ ಉಂಡೆ ಮತ್ತು ಸಿಹಿ ಪುಡಿ ಸೇರಿದ ದಾಲ್ ಬಾಟಿ ಚೂರ್ಮಾವನ್ನು ಮಧ್ಯಾಹ್ನವೇ ಉಣ್ಣಬೇಕು, ರಾತ್ರಿ ಜೀರ್ಣವಾಗುವ ಪದಾರ್ಥವಲ್ಲ ಅದು. ಕಡಲೆಹಿಟ್ಟಿನ ಉಂಡೆಗಳನ್ನು ಮೊಸರಿನ ಗೊಜ್ಜಿನಲ್ಲಿ ಹಾಕಿದ ಗಟ್ಟೆ ಕಿ ಸಬ್ಜಿ ಖಾರ ತಿನ್ನದ ಮಕ್ಕಳಿಗೂ ಹಿಡಿಸುತ್ತದೆ. ಸಿಹಿಯಲ್ಲಿ ಜೈಸಲ್ಮೇರ್‌ನದೇ ಆದ ಘೋಟುವಾ ಲಾಡು ಇದೆ. ಮಾಂಸಾಹಾರಿಗಳು ಲಾಲ್ ಮಾಸ್ ಕೇಳಬಹುದು. ಬ್ಯಾಡಗಿಯ ಬಣ್ಣಕ್ಕೆ ಒಗ್ಗಿದ ನಾಲಿಗೆಗೆ ಅದರ ಕೆಂಪು ಹೊಸದಲ್ಲದಿದ್ದರೂ ಖಾರ ಬೇರೆಯೇ. ಜೋಧಪುರದಲ್ಲಿ ಮಿರ್ಚಿ ಬಡಾ ತಿನ್ನದೆ ಬರಬೇಡಿ. ಮಂಡಕ್ಕಿ ಜೊತೆ ಮಿರ್ಚಿ ಕಡಿದು ಬೆಳೆದ ದಾವಣಗೆರೆಯವರು ಆಲೂಗಡ್ಡೆ ತುಂಬಿದ ಆ ದಪ್ಪ ಮೆಣಸಿನಕಾಯಿಯನ್ನು ನೋಡಿ ಮೊದಲು ಮೂಗು ಮುರಿಯುತ್ತಾರೆ, ಆಮೇಲೆ ಇನ್ನೊಂದು ಕೇಳುತ್ತಾರೆ.

ಅನ್ನ ಸಿಗುತ್ತದೆ, ಆದರೆ ಅನ್ನ ಸಾರಿನ ಊಟ ಸಿಗುವುದಿಲ್ಲ. ಮೂರನೆಯ ದಿನದ ಹೊತ್ತಿಗೆ ಯಾರಾದರೊಬ್ಬರು ಮುಖ ಸಣ್ಣದು ಮಾಡುವುದು ಖಚಿತ. ಚಟ್ನಿಪುಡಿ, ಉಪ್ಪಿನಕಾಯಿ ಚೀಲದಲ್ಲಿರಲಿ. ಬಿಸಿ ಅನ್ನ, ಮೊಸರು ತರಿಸಿಕೊಂಡರೆ ಕಳೆಯಿತು. ಇನ್ನೊಂದು ಎಚ್ಚರಿಕೆ: ಕೋಟೆಯ ಬಾಗಿಲ ಬಳಿ ಪರವಾನಗಿ ಪಡೆದ ಭಾಂಗ್ ಅಂಗಡಿಯೇ ಇದೆ, ಲಸ್ಸಿ ಮತ್ತು ಠಂಡಾಯಿಯಲ್ಲಿ ಭಾಂಗ್ ಹಾಕಿ ಮಾರುತ್ತಾರೆ. ಹಿರಿಯರಿಗೋ ಮಕ್ಕಳಿಗೋ ಠಂಡಾಯಿ ಕೊಡಿಸುವ ಮುನ್ನ ಸಾದಾ ಹೌದೇ ಎಂದು ಬಾಯಿಬಿಟ್ಟು ಕೇಳಬೇಕು.

ಮರಳಿನ ಒಂದು ಸಂಜೆ

ಸಮ್ ದಿಬ್ಬಗಳು ಊರಿನಿಂದ ಪಶ್ಚಿಮಕ್ಕೆ ಸುಮಾರು 40 ಕಿಲೋಮೀಟರ್. ಮಧ್ಯಾಹ್ನ ಎರಡಕ್ಕೆ ಹೊರಟರೆ ದಾರಿಯಲ್ಲಿ ಕುಲಧಾರಾ ನೋಡಬಹುದು. ಪಾಲಿವಾಲ ಬ್ರಾಹ್ಮಣರು 19ನೇ ಶತಮಾನದಲ್ಲಿ ಬಿಟ್ಟುಹೋದ ಈ ಹಳ್ಳಿಯ ಬಗ್ಗೆ, ದಿವಾನ್ ಸಾಲಿಂ ಸಿಂಗ್‌ನ ಕಾಟಕ್ಕೆ ಒಂದೇ ರಾತ್ರಿಯಲ್ಲಿ ಊರು ಖಾಲಿಯಾಯಿತು, ಈಗ ದೆವ್ವಗಳಿವೆ ಎಂದೆಲ್ಲ ಗೈಡುಗಳು ಹೇಳುತ್ತಾರೆ. ನೀರು ಬತ್ತಿದ್ದೂ ಕಾರಣವಿರಬೇಕು ಎಂಬ ವಾದವೂ ಇದೆ. ದೆವ್ವಕ್ಕಿಂತ ಪಾಲಿವಾಲರ ಖಡೀನ್ ದೊಡ್ಡ ವಿಸ್ಮಯ: ಇಳಿಜಾರಿನ ತಗ್ಗಿಗೆ ಉದ್ದನೆಯ ಮಣ್ಣಿನ ಒಡ್ಡು ಹಾಕಿ, ಕಲ್ಲುನೆಲದ ಮೇಲೆ ಹರಿದು ಬರುವ ಮಳೆ ನೀರನ್ನು ತಡೆದು ಇಂಗಿಸಿ, ಆ ತೇವದಲ್ಲೇ ಹಿಂಗಾರಿಗೆ ಗೋಧಿ, ಕಡಲೆ ಬೆಳೆಯುತ್ತಿದ್ದರು. ಹೊಲಕ್ಕೆ ಬದು ಹಾಕುವ ಕಷ್ಟ ಗೊತ್ತಿರುವ ರೈತ ಕುಟುಂಬದವರು ಚಾಲಕನಿಗೆ ಹೇಳಿ ಒಂದು ಖಡೀನ್ ಹತ್ತಿರ ಗಾಡಿ ನಿಲ್ಲಿಸಿಕೊಳ್ಳಲಿ.

ನಾಲ್ಕೂವರೆಗೆ ದಿಬ್ಬ ತಲುಪಿದರೆ ಮಕ್ಕಳು ಮರಳಲ್ಲಿ ಉರುಳಾಡಲು ಒಂದು ತಾಸು ಸಿಗುತ್ತದೆ. ಸೂರ್ಯ ಆರರ ಆಸುಪಾಸಿಗೆ ಮುಳುಗುತ್ತಾನೆ. ಒಂಟೆ ಹತ್ತುವವರು ತಿಳಿದಿರಬೇಕಾದದ್ದು ಒಂದೇ. ಒಂಟೆ ಏಳುವಾಗ ಮೊದಲು ಹಿಂಗಾಲು ಎತ್ತುತ್ತದೆ, ಸವಾರ ಮುಂದಕ್ಕೆ ಮುಗ್ಗರಿಸುತ್ತಾನೆ. ಕೂರುವಾಗ ಮೊದಲು ಮುಂಗಾಲು ಮಡಿಸುತ್ತದೆ, ಆಗಲೂ ಮುಂದಕ್ಕೇ. ಎರಡು ಸಲವೂ ತಡಿಯ ಹಿಡಿಯನ್ನು ಗಟ್ಟಿಯಾಗಿ ಹಿಡಿದು ಹಿಂದಕ್ಕೆ ವಾಲಬೇಕು. ಮಗುವನ್ನು ಮುಂದೆ ಕೂರಿಸಿ ದೊಡ್ಡವರು ಹಿಂದೆ ಕೂರುವುದು ಕ್ಷೇಮ. ದಿಬ್ಬದ ಮೇಲೆ ಜೀಪ್ ಹಾರಿಸುವ ಆಟ ಬೆನ್ನುನೋವಿನವರಿಗೆ, ಗರ್ಭಿಣಿಯರಿಗೆ, ಸಣ್ಣ ಮಕ್ಕಳಿಗೆ ಸಲ್ಲದು.

ರಾತ್ರಿ ಟೆಂಟಿನಲ್ಲಿ ಉಳಿಯಬೇಕೇ ಎಂಬುದು ಮನೆಯವರ ವಯಸ್ಸಿನ ಮೇಲಿದೆ. ಸಮ್‌ನಲ್ಲಿ ಟೆಂಟುಗಳು ಒತ್ತಿಕೊಂಡಿವೆ, ಧ್ವನಿವರ್ಧಕದ ಗದ್ದಲ ಜಾಸ್ತಿ; ನೈಋತ್ಯ ದಿಕ್ಕಿನ ಖೂರಿ ಹಳ್ಳಿ ಇದಕ್ಕಿಂತ ಶಾಂತ. ಮರುಭೂಮಿಯ ಜನಪದ ಗಾಯಕರಾದ ಮಾಂಗಣಿಯಾರ್ ಕಲಾವಿದರ ಕಮಾಯ್ಚಾ, ಖಡತಾಳ್ ವಾದ್ಯಗಳು ಮತ್ತು ಯುನೆಸ್ಕೊ ಪಟ್ಟಿಗೆ 2010ರಲ್ಲಿ ಸೇರಿದ ಕಾಲ್ಬೇಲಿಯಾ ನೃತ್ಯ ಇರುವ ಶಿಬಿರವನ್ನು ಕೇಳಿ ಆರಿಸಬೇಕು, ಸಿನಿಮಾ ಹಾಡು ಹಾಕುವ ಕಡೆಗೆ ಅಷ್ಟು ದೂರ ಹೋಗಬೇಕಿಲ್ಲ. ಹಿರಿಯರಿದ್ದರೆ ಕಾರ್ಯಕ್ರಮ ನೋಡಿ, ಊಟ ಮುಗಿಸಿ ಊರಿನ ಕೋಣೆಗೆ ಮರಳುವುದೇ ಸರಿ. ಟೆಂಟಿನ ಚಳಿ ಅವರಿಗೆ ಆಗದು.

ಇನ್ನೊಂದು ದಿನ ಇರುವವರು ಗಡಿಯ ಕಡೆ ಹೋಗಬಹುದು. 1971ರ ಡಿಸೆಂಬರ್‌ನಲ್ಲಿ ಕದನ ನಡೆದ ಲೋಂಗೇವಾಲಾ ಮತ್ತು ಗಡಿ ಭದ್ರತಾ ಪಡೆಯವರು ನೋಡಿಕೊಳ್ಳುವ ತನೋಟ್ ಮಾತಾ ಗುಡಿ ಎರಡೂ ನೂರು ಕಿಲೋಮೀಟರ್‌ಗಿಂತ ದೂರ, ಇಡೀ ದಿನ ಹಿಡಿಯುತ್ತದೆ. ಎಲ್ಲರ ಗುರುತಿನ ಚೀಟಿ, ತುಂಬಿದ ಟ್ಯಾಂಕ್, ಸಾಕಷ್ಟು ನೀರು ಬೇಕು. ದಾರಿಯುದ್ದಕ್ಕೂ ಕಾಣುವ ಗಾಳಿಯಂತ್ರಗಳು ಜೋಗಿಮಟ್ಟಿ ನೋಡಿದ ಮಕ್ಕಳಿಗೆ ಹೊಸದಲ್ಲ. ಐದು ವರ್ಷದೊಳಗಿನ ಮಕ್ಕಳಿದ್ದರೆ ಈ ದಿನವನ್ನು ಬಿಟ್ಟು ಗಡೀಸರ್‌ಗೆ ಇನ್ನೊಮ್ಮೆ ಹೋಗಿ.

ಕೊಳ್ಳುವ ವಸ್ತುಗಳಲ್ಲಿ ಹಾಬೂರ್ ಕಲ್ಲಿನ ಬಟ್ಟಲಿನ ಬಗ್ಗೆ ಬಹಳ ಮಾತು ಕೇಳುತ್ತೀರಿ: ಹೆಪ್ಪು ಹಾಕದೆಯೇ ಅದರಲ್ಲಿ ಹಾಲು ಮೊಸರಾಗುತ್ತದೆ ಎನ್ನುತ್ತಾರೆ ವ್ಯಾಪಾರಿಗಳು. ಪಳೆಯುಳಿಕೆಗಳ ಚಿತ್ತಾರವಿರುವ ಚಂದದ ಕಲ್ಲು ಎಂದು ಒಂದು ಸಣ್ಣ ಬಟ್ಟಲು ಕೊಂಡರೆ ಸರಿ, ಮೊಸರಿಗಾಗಿ ದೊಡ್ಡದನ್ನು ಹೊತ್ತು ತರುವುದು ಬೇಡ. ಚರ್ಮದ ಮೋಜಡಿಯನ್ನು ಸಂಜೆ, ಕಾಲು ಕೊಂಚ ಊದಿರುವ ಹೊತ್ತಿನಲ್ಲಿ ಹಾಕಿ ನೋಡಿಯೇ ಕೊಳ್ಳಿ. ನನ್ನ ಮಟ್ಟಿಗೆ ತರಲು ಯೋಗ್ಯವಾದದ್ದು ಒಣ ಕೇರ್ ಮತ್ತು ಸಾಂಗ್ರಿ, ಹಗುರ, ಕೆಡುವುದಿಲ್ಲ. ಕಿರಾಣಿ ಅಂಗಡಿಯಲ್ಲಿ ಕೊಳ್ಳಬೇಕೇ ಹೊರತು ಪ್ರವಾಸಿಗರ ಅಂಗಡಿಯಲ್ಲಲ್ಲ. ಸಾಂಗ್ರಿ ತೆಳ್ಳಗೆ, ಬೀಜ ಬಲಿಯದೆ ಇರಬೇಕು. ಮನೆಯಲ್ಲಿ ಎರಡನ್ನೂ ಮೂರು ನಾಲ್ಕು ನೀರಿನಲ್ಲಿ ತೊಳೆದು, ಕೇರ್‌ನ ಕಹಿ ಬಿಡಲು ಮಜ್ಜಿಗೆಯಲ್ಲಿಯೂ ಸಾಂಗ್ರಿಯನ್ನು ನೀರಿನಲ್ಲಿಯೂ ರಾತ್ರಿಯಿಡೀ ನೆನೆಸಿ, ಬೇಯಿಸಿದ ನೀರು ಚೆಲ್ಲಿ ಒಗ್ಗರಣೆಗೆ ಹಾಕಿದರೆ ಆಯಿತು.